ಗುಲಾಬಿ ಚಡ್ಡಿಯ ವಿಳಾಸ

(ಬಳ್ಳಾರಿ ಬಸ್ ಸ್ಟ್ಯಾಂಡು)

ಸಿರುಗುಪ್ಪದ ಮಾವ: ಮಠವೋ ಸೇನೆಯೋ, ವಾಚ್‌ಮನ್‌ನ ತಳ್ಳಿ ಕಂಡೋರ ಬಾಗಿಲಿಗೆ ನುಗ್ಗಿ ರೀಲ್ಸ್ ಮಾಡೋದು ತಮಾಷೆ ಏನಪ್ಪ?

ಕುರುಗೋಡಿನ ಅಳಿಯ: ನುಗ್ಗಿದ್ರೆ ತಮಾಷೆ ಅಲ್ರಿ ಮಾವ, ನುಗ್ಗದೇ ಮಾಡಿದ್ದು ತಮಾಷೆ. 2009ರ ಜನವರಿ 24ಕ್ಕೆ ಮಂಗಳೂರಿನ ಪಬ್‌ನಾಗ ಶ್ರೀರಾಮ ಸೇನೆಯವ್ರು ಹುಡುಗಿಯರಿಗೆ ಹೊಡೆದ್ರು. ಪ್ರೇಮಿಗಳ ದಿನ ಸಿಕ್ಕ ಜೋಡಿಗೆ ಮದುವೆ ಮಾಡಿಸ್ತೀವಿ ಅಂತ ಆ ಸೇನೆಯ ಮುಖ್ಯಸ್ಥ ಮುತಾಲಿಕರು ಗುಡುಗಿದ್ರು (ಪುಕ್ಕಟೆ ಕಲ್ಯಾಣ!). ಹೆಣ್ಣುಮಕ್ಕಳು ಫೇಸ್‌ಬುಕ್‌ನಾಗ ಒಂದಾಗಿ ಅವರ ಹುಬ್ಬಳ್ಳಿ ಕಚೇರಿಗೆ ಗುಲಾಬಿ ಚಡ್ಡಿ ಅಂಚೆಯಾಗ ಕಳಿಸಿದ್ರು. ಯಾರ ಮೈಗೂ ಕೈ ಹಚ್ಚಲಿಲ್ಲ, ಬಾಗಿಲೂ ಮುರೀಲಿಲ್ಲ.

ಮಾವ: ಚಡ್ಡಿಯಿಂದ ನ್ಯಾಯ ಸಿಕ್ತೇನು?

ಅಳಿಯ: ಇಲ್ಲ, 2018ರಾಗ ಆರೋಪಿಗಳು ಖುಲಾಸೆ ಆದ್ರು. ಕೋರ್ಟಿನಾಗ ಸಿಗದ್ದನ್ನ ಚಡ್ಡಿಗೆ ಕೇಳಿದ್ರೆ ಹ್ಯಾಂಗ್ರಿ? ಹೆದರಿಸೋರನ್ನ ನಗೆಪಾಟಲು ಮಾಡೋದಷ್ಟೇ ಅದರ ಕೆಲಸ. ಬಡ ವಾಚ್‌ಮನ್‌ನ ತಳ್ಳಿ ವ್ಯೂಸ್ ಎಣಿಸೋರು ಆ ಸಾಲಿನಾಗ ನಿಲ್ಲೋರಲ್ಲ.

ಮಾವ: ನಾಳೆ ನಿಮ್ಮೂರ ದೊಡ್ಡಬಸವೇಶ್ವರನ ಗುಡಿಗೂ ಪಾರ್ಸೆಲ್ ಬಂದ್ರೆ?

ಅಳಿಯ: ಬಸವಣ್ಣ ಯಾರಿಗೆ ಹೊಡ್ದಾನ್ರಿ? ಆ ಹೆಣ್ಣುಮಕ್ಕಳು ಬರೆದಿದ್ದು ಹೊಡೆದೋರ ವಿಳಾಸ, ದೇವರದ್ದಲ್ಲ.