ಬಿಸಾಕೋಕೆ ಮನಸ್ಸು ಬರಲ್ಲ, ಅಲ್ವಾ?

ನಿಮ್ಮ ಮನೆ ಅಟ್ಟದಲ್ಲಿ ಒಂದು ರಟ್ಟಿನ ಡಬ್ಬ ಇದೆ. ಇಲ್ಲ ಅನ್ಬೇಡಿ, ನಂಗೆ ಗೊತ್ತು. ಬೂದು ಬಣ್ಣದ ಪಟ್ಟಿ ಕೇಬಲ್ಲು, ಬಾಲ ಕಿತ್ತ ಮೌಸು, ಯಾವ ಕಾಲದ್ದೋ ರ‍್ಯಾಮು. ಹಬ್ಬ ಬಂದಾಗಲೆಲ್ಲ ಧೂಳು ಹೊಡೆಯೋಕೆ ಕೆಳಗಿಳಿಯುತ್ತೆ, ನೀವು 'ಬೇಕಾಗುತ್ತೆ, ಇರ್ಲಿ ಬಿಡೇ' ಅಂತೀರಿ, ಮತ್ತೆ ಅಟ್ಟ ಹತ್ತುತ್ತೆ. (ಗುಜರಿಯವನು ಗೇಟಿನ ತನಕ ಬಂದು ಬರಿಗೈಲಿ ಹೋಗಿದ್ದೂ ಉಂಟು. ಅಡ್ಡ ನಿಂತಿದ್ದು ಯಾರು ಅಂತ ಹೇಳ್ಲಾ?)

ಈಗ ಆ ಡಬ್ಬಕ್ಕೆ ಕಾಲ ಕೂಡಿ ಬಂದಿದೆ. ಭಾನುವಾರ ಹಾಲಿನ ಮಧ್ಯೆ ಪೇಪರ್ ಹಾಸಿಕೊಂಡು, ಸ್ಕ್ರೂ ಡ್ರೈವರ್ ಹಿಡ್ಕೊಂಡು ಕೂತಿದ್ದೀರಿ. ಹಳೇ ಪಿಸಿಗೆ ಮತ್ತೆ ಜೀವ ಬರಿಸ್ತೀರಂತೆ. ಬರಿಸಿ, ಯಾರು ಬೇಡ ಅಂದ್ರು? ಆದ್ರೆ ಕೈಲಿರೋದು ಏನು ಅಂತ ಮೊದ್ಲು ಗೊತ್ತಾಗ್ಬೇಕಲ್ಲ!

ಮದರ್‌ಬೋರ್ಡಿನ ಸ್ಲಾಟ್ ನೋಡಿ. ಉದ್ದದ ಕರೀದು ಐಎಸ್‌ಎ, ಬಿಳೀದು ಪಿಸಿಐ, ಒಂಟಿಯಾಗಿ ಕಂದು ಬಣ್ಣದ್ದಿದ್ರೆ ಸಾಮಾನ್ಯವಾಗಿ ಎಜಿಪಿ. ಪ್ರೊಸೆಸರ್ ಚೌಕವಾಗಿರದೆ ಕ್ಯಾಸೆಟ್ಟಿನ ಹಾಗೆ ನೆಟ್ಟಗೆ ನಿಂತಿದ್ರೆ ಅದು ಸಾಮಾನ್ಯವಾಗಿ 1997ರಲ್ಲಿ ಬಂದ ಪೆಂಟಿಯಂ 2 ವಂಶದ್ದು. ಚಿಪ್‌ಸೆಟ್ 440 ಬಿಎಕ್ಸ್ ಆಗಿದ್ಯಾ? ಹಾಗಾದ್ರೆ ಲಾಟರಿ ಹೊಡೀತು ಬಿಡಿ, ಅದಕ್ಕೆ ಸಾವು ಅನ್ನೋದೇ ಗೊತ್ತಿಲ್ಲ.

ರ‍್ಯಾಮಿನ ಕಾಲು ಎಣಿಸ್ಬೇಡಿ, ಕಣ್ಣು ಹೋಗುತ್ತೆ. ಕೆಳಗೆ ಎರಡು ಕಚ್ಚು ಇದ್ರೆ ಎಸ್‌ಡಿ ರ‍್ಯಾಮ್, ಒಂದೇ ಇದ್ರೆ ಡಿಡಿಆರ್. ಹೋಗ್ತಿಲ್ಲ ಅಂತ ಹೆಬ್ಬೆಟ್ಟು ಊರಿ ಒತ್ತೋಕೆ ಹೋಗ್ಬೇಡಿ. (ಒತ್ತೇ ಒತ್ತೀರಿ. 'ಸ್ವಲ್ಪ ಟೈಟ್ ಇದೆ ಅಷ್ಟೆ' ಅಂತ ಸಮಜಾಯಿಷಿ ಬೇರೆ!)

ಹೆಸರೇ ಇಲ್ಲದ ಕಾರ್ಡು ಸಿಕ್ತಾ? ತಿರುಗಿಸಿ ಎಫ್‌ಸಿಸಿ ಐಡಿ ಹುಡುಕಿ, ಅದರ ಮೊದಲ ಅಕ್ಷರಗಳಲ್ಲಿ ತಯಾರಿಸಿದವರ ಗುಟ್ಟು ಇರುತ್ತೆ. ಚಿಪ್ಪಿನ ನೆತ್ತಿ ಮೇಲೆ 9823 ಅಂತ ನಾಲ್ಕಂಕಿ ಇದ್ರೆ 1998ನೇ ಇಸವಿಯ 23ನೇ ವಾರದ ಮಾಲು. ಕನ್ನಡಕ ಹಣೆಗೇರಿಸಿ 'ಓಹೋ, ಜೂನ್ ಮೊದಲ ವಾರ' ಅಂತ ಲೆಕ್ಕ ಹಾಕ್ತೀರಿ. ಗ್ಯಾಸ್ ಬುಕ್ ಮಾಡಿದ್ದು ಯಾವಾಗ ಅಂದ್ರೆ ಮಾತ್ರ ತಲೆ ಕೆರ್ಕೋತೀರಿ.

ಕೆಪಾಸಿಟರ್ ಪೂರಿ ಥರ ಉಬ್ಬಿದೆಯಾ? 2000ದ ಆಸುಪಾಸಿನ ಬೋರ್ಡುಗಳಿಗೆ ಅದೊಂದು ಅಂಟುಜಾಡ್ಯ. ಬೆಸುಗೆ ಬಿಚ್ಚಿ ಬೇರೆ ಹಾಕ್ಬೇಕು. ಸರಿ, ಆ ನೆಪದಲ್ಲಿ ಬೆಂಗಳೂರಿನ ಎಸ್.ಪಿ. ರೋಡಿಗೆ ಒಂದು ಸವಾರಿ ಹೊರಟ್ರಿ. ತರೋಕೆ ಹೋಗಿದ್ದು ಕೆಪಾಸಿಟರ್, ತಂದದ್ದು ಇನ್ನೊಂದು ಸಿಡಿ ಡ್ರೈವು. (ಚೀಪಾಗಿ ಸಿಕ್ತು, ಅಲ್ವಾ?)

ಜೋಡಿಸೋದು ಇದ್ದಿದ್ರಲ್ಲಿ ಸಲೀಸು. ಹಾರ್ಡ್ ಡಿಸ್ಕಿನ ಪಟ್ಟಿ ಕೇಬಲ್ಲಲ್ಲಿ ಕೆಂಪು ಗೆರೆ ಸಾಮಾನ್ಯವಾಗಿ ಪವರ್ ಸಾಕೆಟ್ಟಿನ ಕಡೆಗೇ ಇರ್ಬೇಕು. ಆನ್ ಮಾಡಿದ ಗಳಿಗೆಯಿಂದ ಫ್ಲಾಪಿಯ ದೀಪ ಆರದೇ ಉರೀತಾ ಇದ್ರೆ ಅದರ ಕೇಬಲ್ ಉಲ್ಟಾ. ತಾರೀಖು ನಿಲ್ತಾ ಇಲ್ಲ ಅಂದ್ರೆ ಸಿಆರ್ 2032 ಬ್ಯಾಟರಿ ಹಾಕಿ, ನಾಣ್ಯದಷ್ಟಗಲದ್ದು. ಅವಾರ್ಡ್ ಬಯಾಸ್ ಒಂದು ಉದ್ದ, ಎರಡು ಗಿಡ್ಡ ಕೂಗಿದ್ರೆ ಡಿಸ್‌ಪ್ಲೇ ಕಾರ್ಡ್ ಕಿತ್ತು ಮತ್ತೆ ಕೂರಿಸಿ. ಒಂದೇ ಒಂದು ಗಿಡ್ಡ ಬೀಪ್ ಬಂತೋ, ಗೆದ್ರಿ!

ಆಮೇಲೇನು? ಕರೀ ಪರದೆ ಮೇಲೆ 'ಕೀಬೋರ್ಡ್ ಇಲ್ಲ, ಮುಂದುವರಿಯಲು ಎಫ್1 ಒತ್ತಿ' ಅನ್ನುತ್ತೆ. ಎಲ್ಲಿ ಒತ್ತೋದ್ರೀ, ಇಲ್ಲದ ಕೀಬೋರ್ಡಲ್ಲಿ? ಆದ್ರೂ ನಿಮ್ಮ ಮುಖದ ಮೇಲಿನ ನಗು ನೋಡ್ಬೇಕು. ಕೀಬೋರ್ಡ್ ಸಿಕ್ಕಿಸಿದ ಮೇಲೆ ವಿಂಡೋಸ್ 98 ಏಳುತ್ತೆ, ಡೇವ್ ಅನ್ನೋ ಹಳೇ ಗೇಮ್ ಆಡ್ತೀರಿ, ಐದೇ ನಿಮಿಷ. ಮಗಳು ಬಂದು 'ಅಪ್ಪಾ, ಇದು ಫೋನಲ್ಲೇ ಆಡ್ಬಹುದಲ್ಲ' ಅಂದ್ರೆ 'ಆ ಸೌಂಡು ಬರಲ್ಲ ಕಣೇ' ಅಂತ ಗದರ್ತೀರಿ.

ನಿಜ ಹೇಳ್ಬಿಡಿ, ನಿಮಗೆ ಡೇವ್ ಬೇಕಿರ್ಲಿಲ್ಲ. ಕೆಟ್ಟದ್ದನ್ನ ಹುಡುಕೋ ಸುಖ ಬೇಕಿತ್ತು. ಅದಕ್ಕೇ ಪಿಸಿ ಸರಿಹೋದ ಮರುಕ್ಷಣವೇ ನಿಮಗೆ ಕಸಿವಿಸಿ ಶುರು. 'ಆ ಸೌಂಡ್ ಕಾರ್ಡ್ ತೆಗೆದು ಸೌಂಡ್ ಬ್ಲಾಸ್ಟರ್ ಹಾಕಿದ್ರೆ ಹೇಗೆ?' ನಿಮ್ಮ ಪೈಕಿ ಕ್ಯಾಬಿನೆಟ್ಟಿನ ಮುಚ್ಚಳಕ್ಕೆ ಸ್ಕ್ರೂ ಹಾಕಿದವರು ಯಾರಾದ್ರೂ ಇದ್ರೆ ಕೈ ಎತ್ತಿ ನೋಡೋಣ.

ಎತ್ತಲ್ಲ. ಸರಿ, ಆಡ್ಕೊಂಡಿರಿ. ಆದ್ರೆ ಪ್ಲಗ್ ಚುಚ್ಚೋ ಮೊದ್ಲು ಎಸ್‌ಎಂಪಿಎಸ್ ಅನ್ನೋ ಪವರ್ ಡಬ್ಬದ ಹಿಂದುಗಡೆ ಪುಟ್ಟ ಕೆಂಪು ಸ್ವಿಚ್ ಇದ್ರೆ ಅದನ್ನ ಒಂದ್ಸಲ ನೋಡಿ ಮಾರಾಯ್ರೇ. 115 ಅಂತಿದ್ರೆ 230ಕ್ಕೆ ತಳ್ಳಿ. ಇಲ್ಲಾಂದ್ರೆ ಬೀಪ್ ಬರಲ್ಲ, ಢಮಾರ್ ಅನ್ನುತ್ತೆ.