ಕ್ಯಾಪ್ಟನ್ ಮಾತು ಕೇಳುವುದಿಲ್ಲ

ನನಗೆ ಹೆಣ್ಣು ಕೊಡುವಾಗ ಮಾವನವರು ಕೇಳಿದ್ದು ಒಂದೇ ಪ್ರಶ್ನೆ: "ಯಾವ ಡಿಪೋ?"

ಹುಡುಗ ಕಂಟ್ರೋಲರ್ ಎಂದಷ್ಟೇ ಮಧ್ಯಸ್ಥರು ಹೇಳಿದ್ದರು. ನಮ್ಮ ಕಡೆ ಕಂಟ್ರೋಲರ್ ಎಂದರೆ ಬಸ್‌ಸ್ಟ್ಯಾಂಡಿನ ಗೂಡಿನೊಳಗೆ ಕೂತು ಹಾಸನ, ಮೂಡಿಗೆರೆ, ಯಸಳೂರು ಎಂದು ಮೈಕಿನಲ್ಲಿ ಕೂಗುವವರು. ವಿಮಾನದ ಕಂಟ್ರೋಲರ್ ಎಂದು ತಿಳಿದಾಗ ಮಾವನವರ ಮುಖ ಸ್ವಲ್ಪ ಬಾಡಿತು. ಬಸ್ಸಾಗಿದ್ದರೆ ಧರ್ಮಸ್ಥಳಕ್ಕಾದರೂ ಸೀಟು ಹಿಡಿಸಬಹುದಿತ್ತು.

ನಿವೃತ್ತನಾಗಿ ಆಲೂರು ಮತ್ತು ಸಕಲೇಶಪುರದ ನಡುವಿನ ತೋಟಕ್ಕೆ ಬಂದ ಮೇಲೂ ಈ ಗೊಂದಲ ಪೂರ್ತಿ ಬಗೆಹರಿದಿಲ್ಲ. ಎರಡು ಕೈಯಲ್ಲಿ ದೀಪದ ಕೋಲು ಹಿಡಿದು ವಿಮಾನವನ್ನು "ಬಾ, ಬಾ" ಎಂದು ಕರೆಯುವವನೇ ನಾನು ಅಂತ ಅರ್ಧ ಊರು ನಂಬಿದೆ. ಇನ್ನರ್ಧ ಊರಿಗೆ ಬೂವನಹಳ್ಳಿಯ ವಿಮಾನ ನಿಲ್ದಾಣ ಯಾವಾಗ ಶುರುವಾಗುತ್ತದೆ ಎಂದು ನಾನೇ ಹೇಳಬೇಕು. ಹಾಸನದವರು ಆ ಪ್ರಶ್ನೆಯನ್ನು ಕೇಳುತ್ತಲೇ ಮುದುಕರಾದವರು. ನಾನೂ ಅವರಲ್ಲೊಬ್ಬ.

ದೇವನಹಳ್ಳಿಯ ಟವರ್ ನೆನೆಸಿಕೊಂಡರೆ ಎಂಥ ಸುಖದ ಕೆಲಸವಾಗಿತ್ತು ಅನಿಸುತ್ತದೆ. ಎಲ್ಲಿಗೆ, ಯಾವ ದಾರಿಯಲ್ಲಿ, ಎಷ್ಟು ಎತ್ತರದಲ್ಲಿ ಹೋಗುತ್ತೇವೆಂದು ವಿಮಾನದವರು ಮೊದಲೇ ಬರೆದುಕೊಡುತ್ತಾರೆ. ಒಂದೊಂದಕ್ಕೂ ನಾಲ್ಕಂಕಿಯ ಗುರುತು ಸಂಖ್ಯೆ. ಅದರಲ್ಲಿ 8, 9 ಬರುವಂತಿಲ್ಲವಾದ್ದರಿಂದ ಒಟ್ಟು 4,096 ಸಂಖ್ಯೆಗಳಷ್ಟೇ. ರೇಡಾರ್ ಪರದೆಯ ಮೇಲೆ ಎರಡು ವಿಮಾನಗಳು ಒಂದೇ ಎತ್ತರದಲ್ಲಿದ್ದರೆ ನಡುವೆ ಸಾಮಾನ್ಯವಾಗಿ 5 ನಾಟಿಕಲ್ ಮೈಲಿ, ಅಂದರೆ 9 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಅಂತರ ಇರಬೇಕು. ಇಲ್ಲವೇ ಮೇಲೆ ಕೆಳಗೆ 1,000 ಅಡಿ. ಎಲ್ಲಕ್ಕಿಂತ ದೊಡ್ಡ ಸುಖ ಎಂದರೆ, ನಾವು ಹೇಳಿದ್ದನ್ನು ಪೈಲಟ್ ಅಕ್ಷರ ಬಿಡದೆ ತಿರುಗಿ ಒಪ್ಪಿಸಬೇಕು. ಮನೆಯಲ್ಲಿ ಯಾರೂ ನನಗೆ ಆ ಮರ್ಯಾದೆ ಕೊಟ್ಟದ್ದಿಲ್ಲ.

ಇಲ್ಲಿಗೆ ಬಂದ ಮೇಲೆ ಬೆಳಗಿನ ಕಾಫಿಗೆ ಮೊದಲೇ ಮೊಬೈಲ್ ಟಣ್ ಎನ್ನುತ್ತದೆ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಹುಡುಗರು ರಾತ್ರಿಯೆಲ್ಲ ಹಿಂದೆ ಬಿದ್ದು ಹುಡುಕಿದ ಸುದ್ದಿ: ಭುವನೇಶ್ವರಿ ಇಂಥ ತೋಟದಲ್ಲಿದ್ದಾಳೆ, ಬೀಟಮ್ಮನ ಗುಂಪು ರಸ್ತೆ ದಾಟಿದೆ, ಭೀಮ ಯಾರದೋ ಅಂಗಳದಲ್ಲಿ ಹಲಸಿನಹಣ್ಣು ನೋಡುತ್ತಿದ್ದಾನೆ. ಇವೆಲ್ಲ ನಮ್ಮ ಕಡೆಯ ಕಾಡಾನೆಗಳ ಹೆಸರು. ಹಿಂಡಿನ ಹೆಣ್ಣಾನೆಗೆ ರೇಡಿಯೋ ಕಾಲರ್ ಕಟ್ಟಿರುತ್ತಾರೆ. ಊರವರು ಅದಕ್ಕೆ ಬೆಲ್ಟು ಅನ್ನುತ್ತಾರೆ. ಓಲ್ಡ್ ಬೆಲ್ಟ್ ಅಂತ ಒಂದು ಗುಂಪಿಗೇ ಹೆಸರಿದೆ. ಬೆಲ್ಟಿದ್ದರೆ ಉಪಗ್ರಹ ಜಾಗ ತೋರಿಸುತ್ತದೆ. ಬೆಲ್ಟಿಲ್ಲದ ಒಂಟಿ ಸಲಗವಾದರೆ ಹುಡುಗರೇ ಲದ್ದಿ ನೋಡಿ, ಮುರಿದ ಬಗನಿ ಮರ ನೋಡಿ ಪತ್ತೆ ಹಚ್ಚಬೇಕು. ನಮ್ಮ ರೇಡಾರಿನಲ್ಲಿ ಲದ್ದಿಯ ಸೌಲಭ್ಯ ಇರಲಿಲ್ಲ.

ಈ ಪೈಕಿ ಒಂದು ಸಲಗದ ಹೆಸರು ಕ್ಯಾಪ್ಟನ್. ಇಡೀ ಸರ್ವೀಸಿನಲ್ಲಿ ನಾನು ಕಂಡ ಕ್ಯಾಪ್ಟನ್‌ಗಳೆಲ್ಲ ಎಡಕ್ಕೆ ತಿರುಗು ಎಂದರೆ ಎಡಕ್ಕೆ ತಿರುಗಿದವರು. ಈ ಕ್ಯಾಪ್ಟನ್ ಯಾರ ಅಪ್ಪಣೆಯನ್ನೂ ಕಾಯುವುದಿಲ್ಲ, ಹೊರಡುವ ಹೊತ್ತನ್ನೂ ಹೇಳುವುದಿಲ್ಲ. ಭತ್ತ ಹಾಲುಗಟ್ಟಿತೆಂದರೆ ಗದ್ದೆಯೇ ರನ್‌ವೇ. 2014ರಲ್ಲಿ ಆಲೂರಿನ ಕಡೆಯಿಂದ 22 ಆನೆ ಹಿಡಿದು ಸಾಗಿಸಿದ್ದರು. ಜಾಗ ಖಾಲಿ ಇದೆಯೆಂದು ಬೇರೆ ಆನೆಗಳಿಗೆ ಯಾರು ತಿಳಿಸಿದರೋ, ಕೆಲವೇ ವರ್ಷಗಳಲ್ಲಿ ಮತ್ತೆ ಭರ್ತಿ.

ಆನೆಗೆ ಹೇಳುವುದು ಆಗದ ಮಾತು. ಆದ್ದರಿಂದ ಕಾರ್ಯಪಡೆಯವರು ಮನುಷ್ಯರಿಗೆ ಹೇಳುತ್ತಾರೆ, ಅದು ಇನ್ನೂ ಕಷ್ಟದ ಕೆಲಸ. ಮೆಸೇಜು ಹಾಕಿ, ರಸ್ತೆಬದಿಯಲ್ಲಿ ಬೋರ್ಡು ಹಾಕಿ, ಜೀಪಿನಲ್ಲಿ ಕೂಗಿ ಹೇಳಿದರೂ ನಮ್ಮ ಪಕ್ಕದ ತೋಟದ ರೈಟರು ಬೈಕ್ ಹತ್ತಿ ಹೊರಟೇಬಿಡುತ್ತಾರೆ. "ಹೋಗಬೇಡ್ರೀ, ಭೀಮ ಇದ್ದಾನಂತೆ" ಎಂದರೆ, "ಇರ್ಲಿ ಬಿಡಿ ಸಾರ್, ಭೀಮಂಗೆ ನನ್ನ ಬೈಕ್ ಸೌಂಡು ಗೊತ್ತು" ಎಂಬ ಉತ್ತರ. ವಿಮಾನದಲ್ಲಿ ಹೀಗಂದವನ ಲೈಸೆನ್ಸು ಅಂದೇ ಹೋಗುತ್ತಿತ್ತು. ಕಾಫಿ ಹಣ್ಣು ಕುಯ್ಯುವ ಕಾಲದಲ್ಲಂತೂ ಆಳುಗಳು ಬಂದು ನಿಂತಿರುತ್ತಾರೆ, ಆನೆ ಗಿಡಗಳ ನಡುವೆ ನಿಂತಿರುತ್ತದೆ, ಯಾರನ್ನು ಕಾಯಿಸಬೇಕು ಎಂಬುದು ಸಾಹುಕಾರರ ತಲೆನೋವು. ಅಲ್ಲಿ ತಮಾಷೆ ಏನೂ ಇಲ್ಲ. ಎದುರಿಗೆ ಸಿಕ್ಕು ಸತ್ತವರು ನಮ್ಮ ತಾಲ್ಲೂಕುಗಳಲ್ಲಿ ಕಡಿಮೆ ಜನ ಅಲ್ಲ. ಆನೆ ಕಾಯುವ ಹುಡುಗರೂ ಅದೇ ಕತ್ತಲಲ್ಲಿ ಓಡಾಡುವವರು. ನಾನು ಎ.ಸಿ. ಕೋಣೆಯಲ್ಲಿ ಪಾಳಿ ಮುಗಿಸಿ ಕ್ಯಾಬ್ ಹತ್ತುತ್ತಿದ್ದೆ. ಇವರು ಜಿಗಣೆ ಕಿತ್ತುಕೊಂಡು ಇನ್ನೊಂದು ತೋಟಕ್ಕೆ ಇಳಿಯುತ್ತಾರೆ.

ಮೊನ್ನೆ ರಾತ್ರಿ ಅವರಲ್ಲೊಬ್ಬ ಫೋನ್ ಮಾಡಿದ. "ಸಾರ್, ಕ್ಯಾಪ್ಟನ್ ನಿಮ್ಮ ಗೇಟ್ ಕಡೆ ಬತ್ತಾವ್ನೆ. ನಾಯಿ ಒಳಗೆ ಕಟ್ಟಿ. ನೀವೂ ಹೊರಗೆ ಬರಬೇಡಿ."

ಹಳೆಯ ಅಭ್ಯಾಸ ಬಿಡಬೇಕಲ್ಲ. ನೆಟ್ಟಗೆ ಕೂತು ಒಪ್ಪಿಸಿದೆ: "ಕ್ಯಾಪ್ಟನ್, ಗೇಟ್ ಕಡೆ. ನಾಯಿ ಒಳಗೆ. ನಾನೂ ಹೊರಗೆ ಬರುವುದಿಲ್ಲ."

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ ಹುಡುಗ ದನಿ ಏರಿಸಿ ಕೂಗಿದ: "ಸಾರ್, ಅಮ್ಮಾವ್ರಿಗೆ ಫೋನ್ ಕೊಡಿ. ನಿಮಗೆ ಸರಿಯಾಗಿ ಕೇಳಿಸ್ತಾ ಇಲ್ಲ ಅನ್ಸುತ್ತೆ!"