ಜರ್ಮನಿಗೆ ವಯಾ ಶಿರಾಡಿ

ಮಂಗಳೂರಿನಲ್ಲಿ ‘ಫಾರಿನ್‌ಗೆ ಹೋಗುವವನಿದ್ದೇನೆ’ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. 2006ರಲ್ಲಿ ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾದ ಮೇಲಂತೂ ಇಲ್ಲಿಯವರಿಗೆ ಗಲ್ಫ್ ಎಂದರೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ತಲಪಾಡಿ ಬಸ್ಸು ಹತ್ತಿದ ಹಾಗೆ. ಕೇಳುವವರು ಕೇಳುವುದು ಒಂದೇ ಪ್ರಶ್ನೆ: ‘‘ಸಂಬಳ ಎಷ್ಟು ಮಾರಾಯ್ರೆ?’’ ನಿವೃತ್ತನಾದ ಮನುಷ್ಯ, ಹೆಂಡತಿಯನ್ನೂ ಕರೆದುಕೊಂಡು, ಕೈಯಿಂದಲೇ ಹಾಕಿ ಮೂರು ತಿಂಗಳು ಜರ್ಮನಿಗೆ ಹೋಗಿ ಬರುತ್ತೇನೆ ಎಂದಾಗ ಎದುರಿನವರ ಮುಖದಲ್ಲಿ ಮೂಡುವುದು ಹೊಟ್ಟೆಕಿಚ್ಚಲ್ಲ, ಕನಿಕರ.

ಈ ಊರಿನ ಲೆಕ್ಕದಲ್ಲಿ ವಿದೇಶ ಎಂಬುದು ಜಮಾ ಬದಿಗೆ ಬರೆಯುವ ಬಾಬ್ತು. ಪಕ್ಕದ ಮನೆಯ ಕ್ಯಾಥೊಲಿಕ್ ಪೊರ್ಬುಗಳು ಕುವೈತಿನಲ್ಲಿ ದುಡಿದು, ಮನೆ ಕಟ್ಟಿ, ತಂಗಿಯರ ಮದುವೆ ಮಾಡಿ ಬಂದವರು. ನನ್ನ ಯೋಜನೆ ಅವರ ತಲೆಗೆ ಹೋಗಲು ಬಹಳ ಹೊತ್ತು ಹಿಡಿಯಿತು. ‘‘ಅಂದರೆ ನೀವು ಇಲ್ಲಿಂದ ದುಡ್ಡು ಕೊಂಡುಹೋಗಿ ಅಲ್ಲಿ ಬಿಟ್ಟು ಬರುವುದಾ?’’ ಎಂದರು. ಪ್ರವಾಸೋದ್ಯಮಕ್ಕೆ ಇಷ್ಟು ಚೊಕ್ಕ ವ್ಯಾಖ್ಯೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ನಾನು ಬ್ಯಾಂಕಿನವನು. ಅದರಲ್ಲೇನೂ ವಿಶೇಷವಿಲ್ಲ, ಕೆನರಾ ಮತ್ತು ಕಾರ್ಪೊರೇಷನ್ (1906), ಕರ್ಣಾಟಕ (1924), ಸಿಂಡಿಕೇಟ್ (1925), ವಿಜಯಾ (1931) ಎಂದು ಒಂದರ ಬೆನ್ನಿಗೊಂದು ಬ್ಯಾಂಕು ಹೆತ್ತ ಅವಿಭಜಿತ ಜಿಲ್ಲೆ ಇದು. ಕಲ್ಲು ಬಿಸಾಡಿದರೆ ನಿವೃತ್ತ ಮ್ಯಾನೇಜರನಿಗೆ ಬೀಳುತ್ತದೆ. ಈ ಐದರಲ್ಲಿ ಮೂರು 2019 ಮತ್ತು 2020ರ ವಿಲೀನದಲ್ಲಿ ಹೆಸರು ಕಳೆದುಕೊಂಡವು. ನಾನು ದುಡಿದದ್ದು ಆ ಮೂರರಲ್ಲೊಂದರಲ್ಲಿ. ಬ್ಯಾಂಕು ಹೋಯಿತು, ಬಜೆಟ್ ಹಾಕುವ ಚಾಳಿ ಮಾತ್ರ ಉಳಿಯಿತು.

ಹಣ ಕೂಡಿಡಲು ನಮಗೆ ಗೊತ್ತಿರುವ ದಾರಿ ಪಿಗ್ಮಿ. 1928ರಲ್ಲಿ ಸಿಂಡಿಕೇಟಿನವರು ಅದನ್ನು ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು, ಏಜೆಂಟ್ ಮನೆ ಬಾಗಿಲಿಗೇ ಬರುತ್ತಿದ್ದ. ಆ ಎರಡಾಣೆಯ ಲೆಕ್ಕದಲ್ಲೇ ಒಮ್ಮೆ ಗುಣಿಸಿ ನೋಡಿದೆ. ಷೆಂಗೆನ್ ವೀಸಾ ಶುಲ್ಕ 2024ರ ಜೂನಿನಿಂದ ತಲೆಗೆ 90 ಯೂರೋ. ಯೂರೋವನ್ನು ಉದಾರವಾಗಿ ನೂರೇ ರೂಪಾಯಿ ಎಂದು ಹಿಡಿದರೂ 9,000 ರೂಪಾಯಿ ಆಯಿತು. ಎರಡಾಣೆ ಎಂದರೆ ಹನ್ನೆರಡೂವರೆ ಪೈಸೆ. ಬಡ್ಡಿ ಬಿಟ್ಟರೆ 72,000 ದಿನ, ಅಂದರೆ 197 ವರ್ಷ. ಬಾಸೆಲ್ ಮಿಷನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಕಾಲಿಟ್ಟ ದಿನವೇ ನಮ್ಮ ಹಿರಿಯರು ಎರಡಾಣೆ ಕಟ್ಟಲು ಶುರು ಮಾಡಿದ್ದರೆ 2031ಕ್ಕೆ ನನ್ನೊಬ್ಬನ ವೀಸಾ ಶುಲ್ಕ ಕೈಗೆ ಬರುತ್ತಿತ್ತು. ಹೆಂಡತಿ ಮುಂದಿನ ಕಂತಿಗೆ ಕಾಯಬೇಕು.

ಬಾಸೆಲಿನ ಹೆಸರು ಸುಮ್ಮನೆ ಬಂದದ್ದಲ್ಲ. ಮಗಳಿರುವುದು ಸ್ಟುಟ್‌ಗಾರ್ಟಿನಲ್ಲಿ. ಹೆಂಡತಿ ಹೊರಟಿರುವುದು ಮಗಳನ್ನು ನೋಡಲು. ಮಗಳು ಕರೆಯುತ್ತಿರುವುದು ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌಯೋಕ್‌ನಲ್ಲಿ, 3,454 ಮೀಟರ್ ಎತ್ತರದಲ್ಲಿ, ನಮ್ಮನ್ನು ಹಿಮದಲ್ಲಿ ನಿಲ್ಲಿಸಿ ಫೋಟೋ ತೆಗೆಯಲು. ನನಗೆ ಹೋಗಬೇಕಾಗಿರುವುದು ಬಾಸೆಲಿಗೆ. ನಮ್ಮ ಮಾಡಿನ ಹಂಚು, ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ (1843), ಕಿಟ್ಟೆಲರ ನಿಘಂಟು (1894) ಎಲ್ಲದರ ಬೆನ್ನಿಗೆ ಇರುವ ಊರು ಅದು. ಮಿಷನ್ನಿನ ಹಳೆಯ ಕಾಗದಪತ್ರ, ಫೋಟೋಗಳು ಅಲ್ಲಿನ ದಾಖಲೆ ಭಂಡಾರದಲ್ಲಿವೆ. ತಿಂಗಳುಗಟ್ಟಲೆ ಹಡಗಿನಲ್ಲಿ ಬಂದ ಆ ಪಾದ್ರಿಗಳು ದಾರಿ ಖರ್ಚಿಗೆ ಎಷ್ಟು ಬರೆದಿಟ್ಟಿದ್ದರು ಎಂದು ನೋಡುವ ಆಸೆ ನನಗೆ. ಇಲ್ಲಿ ನಂಬಿ ಬಂದವರಿಗೆ ದುಡಿಮೆ ಬೇಕೆಂದಾದಾಗ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆಯನ್ನೇ ಹಾಕಿದರು. ಮಾದರಿ ಒಳ್ಳೆಯದೇ. ಆದರೆ ನಾನು ಸ್ಟುಟ್‌ಗಾರ್ಟಿನಲ್ಲಿ ನೀರುದೋಸೆಯ ಅಂಗಡಿ ತೆರೆಯುವುದನ್ನು ಟೂರಿಸ್ಟ್ ವೀಸಾ ಒಪ್ಪುವುದಿಲ್ಲ.

ಇನ್ನು ಯಾವಾಗ ಹೋಗುವುದೆಂಬ ಪ್ರಶ್ನೆ. ವಿಮಾನದವರು ಹೇಳುವುದು ‘ಆಫ್ ಸೀಸನ್’ನಲ್ಲಿ ಹೋಗಿ, ಅಗ್ಗ ಎಂದು. ಅವರ ಆಫ್ ಸೀಸನ್ ಮಂಗಳೂರಿನವನಿಗೆ ತುಂಬು ಸೀಸನ್. ನವೆಂಬರಿನಿಂದ ಮೇವರೆಗೆ ಮದುವೆ, ಗೃಹಪ್ರವೇಶ, ಬ್ರಹ್ಮಕಲಶ, ನೇಮ, ಕಂಬಳ, ಮೇಳದ ಆಟ. ಒಂದೇ ಭಾನುವಾರ ಮೂರು ಹಾಲ್‌ಗಳಲ್ಲಿ ಊಟಕ್ಕೆ ಮುಖ ತೋರಿಸಬೇಕಾದ ಕಾಲ. ಸೆಪ್ಟೆಂಬರ್ ಬಂತೆಂದರೆ ಚೌತಿ, ಪೊರ್ಬುಗಳ ಮನೆಯ ಮೊಂತಿ ಫೆಸ್ಟ್, ಹಿಂದೆಯೇ ಕುದ್ರೋಳಿಯ ದಸರಾ. ಉಳಿಯುವುದು ಜೂನ್, ಜುಲೈ, ಆಗಸ್ಟ್. ತುಳುವರ ಆಟಿ ತಿಂಗಳಲ್ಲಿ ಹೇಗೂ ಒಳ್ಳೆಯ ಕೆಲಸವೊಂದೂ ಇಲ್ಲ, ಯುರೋಪಿಗಾದರೂ ಹೋಗಬಹುದು ಎಂದು ಹೆಂಡತಿ ತೀರ್ಮಾನಿಸಿದಳು.

ಜೂನ್ 1ರಿಂದ ಆಗಸ್ಟ್ 31ರವರೆಗೆ ಎಣಿಸಿದರೆ 92 ದಿನ. ಷೆಂಗೆನಿನವರು 180 ದಿನಗಳಲ್ಲಿ ಕೊಡುವುದು 90 ದಿನ. ಇಳಿದ ದಿನವೂ ಲೆಕ್ಕ, ಹೊರಟ ದಿನವೂ ಲೆಕ್ಕ. ಎರಡು ದಿನವನ್ನು ಯಾವ ಬದಿಯಲ್ಲಿ ಕಡಿಯುವುದೆಂದು ಪಂಚಾಂಗ ಬಿಡಿಸಿದೆವು. ವಿಮಾನ ಅಗ್ಗ ಇದ್ದ ದಿನ ಹೊರಡುವ ಹೊತ್ತಿಗೇ ರಾಹುಕಾಲ, ರಾಹುಕಾಲ ತಪ್ಪಿದ ದಿನ ಟಿಕೆಟ್ಟಿಗೆ ಹೆಚ್ಚುವರಿ ಹನ್ನೊಂದು ಸಾವಿರ. ರಾಹು ಇಷ್ಟು ದುಬಾರಿ ಗ್ರಹ ಎಂದು ಜ್ಯೋತಿಷಿಗಳೂ ಹೇಳಿರಲಿಲ್ಲ. ಆಟಿ ಅಮಾವಾಸ್ಯೆಯ ದಿನ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿಯುವ ಪಾಲೆ ಮರದ ಕಷಾಯ ಈ ಸಲ ತಪ್ಪುತ್ತದಲ್ಲ ಎಂದು ಹೆಂಡತಿ ಮರುಗಿದಳು. ಆ ಕಹಿಯನ್ನು ತಪ್ಪಿಸಿಕೊಳ್ಳಲೆಂದೇ ಜರ್ಮನಿಗೆ ಹೋಗಬಹುದು ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ.

ಮಳೆಗಾಲದಲ್ಲಿ ಹೊರಡುವುದೆಂದರೆ ಬಜೆಟ್ಟಿನಲ್ಲಿ ಯೂರೋಗಿಂತ ಮೊದಲು ಶಿರಾಡಿ ಘಾಟಿ ಬರುತ್ತದೆ. ಮಂಗಳೂರಿನಿಂದ ಜರ್ಮನಿಗೆ ನೇರ ವಿಮಾನವಿಲ್ಲ, ನಾವು ಹತ್ತುವುದು ಬೆಂಗಳೂರಿನಲ್ಲಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಹತ್ತು ಗಂಟೆ ಆಸುಪಾಸು. ಮಂಗಳೂರಿನಿಂದ ಬೆಂಗಳೂರಿಗೆ 350 ಕಿಲೋಮೀಟರ್. ಗಂಟೆ ಎಷ್ಟೆಂದು ಜುಲೈಯಲ್ಲಿ ಯಾರೂ ಬರೆದುಕೊಡುವುದಿಲ್ಲ. 2024ರ ಜುಲೈಯಲ್ಲಿ ದೊಡ್ಡತಪ್ಪಲಿನಲ್ಲಿ ಗುಡ್ಡ ಜರಿದು ಹೆದ್ದಾರಿ ನಿಂತಿತು. ಅದೇ ತಿಂಗಳು ಎಡಕುಮೇರಿಯ ಹತ್ತಿರ ಹಳಿಯಡಿಯ ಮಣ್ಣೇ ಕುಸಿದು ರೈಲೂ ನಿಂತಿತು. ವಿಮಾನ ಇದೆಯಲ್ಲ ಎನ್ನಬೇಡಿ. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ, ಮಳೆ ಮೋಡ ಮುಸುಕಿದರೆ ಬರಬೇಕಾದ ವಿಮಾನ ಇನ್ನೆಲ್ಲೋ ಇಳಿಯುತ್ತದೆ. ಹಾಗಾಗಿ ನನ್ನ ಪಟ್ಟಿಯ ಮೊದಲ ಬಾಬ್ತು ‘ಘಾಟಿ ಬಂದ್ ಆದರೆ’. ಎರಡು ದಿನ ಮುಂಚೆಯೇ ಹೋಗಿ ಬೆಂಗಳೂರಿನಲ್ಲಿ ಕೂರುವುದು. ಲಾಡ್ಜಿಗಿಂತ ಭಾವನ ಮನೆ ಅಗ್ಗ ಎಂದು ಮೊದಲು ಬರೆದಿದ್ದೆ. ಭಾವನ ಮನೆಗೆ ಬರಿಗೈಯಲ್ಲಿ ಹೋಗುವ ಹಾಗಿಲ್ಲವಲ್ಲ. ಕೋರಿರೊಟ್ಟಿ, ಹಲಸಿನ ಹಪ್ಪಳ, ಕುಚ್ಚಲಕ್ಕಿ, ತೆಂಗಿನಕಾಯಿ, ಅತ್ತಿಗೆಗೆ ಮಲ್ಲಿಗೆ, ಮಕ್ಕಳಿಗೆ ಏನಾದರೂ ಎಂದು ಕೂಡಿಸುತ್ತ ಹೋದಾಗ ಲಾಡ್ಜಿನ ಎಸಿ ರೂಮೇ ಲಾಭ ಎಂದು ತೋರಿತು. ಆದರೆ ಲಾಡ್ಜಿನಲ್ಲಿ ಉಳಿದದ್ದು ಗೊತ್ತಾದರೆ ಭಾವ ಮಾತು ಬಿಡುತ್ತಾರೆ. ಆ ನಷ್ಟಕ್ಕೆ ಕಾಲಂ ಇಲ್ಲ.

ವೀಸಾಕ್ಕೆ ಬೆರಳಚ್ಚು ಕೊಡಲೂ ಬೆಂಗಳೂರಿಗೇ ಹೋಗಬೇಕು. ಮಂಗಳೂರಿನ ಸಿಟಿ ಬಸ್ಸುಗಳು ಹೆಚ್ಚಿನವೂ ಖಾಸಗಿ. ಹಾಗಾಗಿ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ ಪ್ರಯಾಣ ಕೊಡುವ, 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯಿಂದ ನಮ್ಮ ಊರಿನ ಹೆಂಗಸರಿಗೆ ದಿನನಿತ್ಯ ಸಿಕ್ಕಿದ್ದು ಕಡಿಮೆ. ಆ ಸಿಟ್ಟನ್ನೆಲ್ಲ ಹೆಂಡತಿ ಒಂದೇ ಪ್ರಯಾಣದಲ್ಲಿ ತೀರಿಸಿಕೊಂಡಳು: ಕರ್ನಾಟಕ ಸಾರಿಗೆಯ ಕೆಂಪು ಬಸ್ಸಿನಲ್ಲಿ ಆಧಾರ್ ತೋರಿಸಿ ಹೋಗುವಾಗಲೂ ಸೊನ್ನೆ, ಬರುವಾಗಲೂ ಸೊನ್ನೆ. ಪಕ್ಕದ ಸೀಟಿನಲ್ಲಿ ಕೂತ ನಾನು ಪೂರಾ ದುಡ್ಡು ಕೊಟ್ಟವನು. ಇಡೀ ಬಜೆಟ್ಟಿನಲ್ಲಿ ಸೊನ್ನೆ ಎಂದು ಬರೆದ ಜಾಗ ಅದೊಂದೇ. ಜೀವಮಾನವಿಡೀ ನೋಟು ಎಣಿಸಿ ನನ್ನ ಬೆರಳ ಗೆರೆ ಸವೆದಿತ್ತು; ಯಂತ್ರ ಮತ್ತೆ ಮತ್ತೆ ಒತ್ತಿಸಿತು. ಹೆಂಡತಿಯ ಹತ್ತು ಬೆರಳೂ ಒಂದೇ ಏಟಿಗೆ ಪಾಸು.

ಜರ್ಮನಿಯ ಕಾಗದಪತ್ರಗಳಲ್ಲಿ ನನಗೆ ತುಂಬ ಹಿಡಿಸಿದ್ದು ಮಗಳು ಅಲ್ಲಿನ ಕಚೇರಿಗೆ ಹೋಗಿ ಮಾಡಿಸಿದ ಮುಚ್ಚಳಿಕೆ. ಅಪ್ಪ ಅಮ್ಮ ಇಲ್ಲಿರುವಷ್ಟು ದಿನ ಅವರ ಊಟ, ವಸತಿ, ಔಷಧಿಯ ಖರ್ಚು ನನ್ನದು ಎಂದು ಸರಕಾರದ ಮುಂದೆ ಸಹಿ ಹಾಕಿದ ಕಾಗದ. ನಮ್ಮ ಕುಟುಂಬದ ಪಾಲುಪಟ್ಟಿಗಳನ್ನು ಎಷ್ಟೋ ಓದಿದ್ದೇನೆ, ಯಾವ ಮಕ್ಕಳೂ ಇಷ್ಟು ನೇರವಾಗಿ ಬರೆದುಕೊಟ್ಟದ್ದಿಲ್ಲ. ಅದರ ಜೆರಾಕ್ಸ್ ಒಂದನ್ನು ಲಾಕರಿನಲ್ಲಿಟ್ಟಿದ್ದೇನೆ. ಮೇಲೆ ಆರೋಗ್ಯ ವಿಮೆ ಬೇರೆ, ಕನಿಷ್ಠ 30,000 ಯೂರೋದ್ದು, ಅಂದರೆ ಮೂವತ್ತು ಲಕ್ಷ ರೂಪಾಯಿಗೂ ಮೇಲೆ. ‘‘ಇಲ್ಲಿ ನೀವು ಬಚ್ಚಲಲ್ಲಿ ಜಾರಿ ಬಿದ್ದಾಗ ಮುರಿವೆಣ್ಣೆಯಲ್ಲಿ ಮುಗಿದಿತ್ತು,’’ ಎಂದಳು ಹೆಂಡತಿ. ಅಲ್ಲಿ ಬಿದ್ದರೆ ಎಷ್ಟು ಗೌರವ!

ಹಿಂದೆ ಹೋದವರನ್ನು ನೆನೆದರೆ ನಮ್ಮದೇನೂ ಕಷ್ಟವಲ್ಲ. ವಿದೇಶಿ ವಿನಿಮಯಕ್ಕೆ ಬರವಿದ್ದ ಕಾಲದಲ್ಲಿ ಎಂಟು ಡಾಲರ್ ಜೇಬಿನಲ್ಲಿಟ್ಟು ವಿಮಾನ ಹತ್ತಿದ ಹಿರಿಯರಿದ್ದಾರೆ. ಈಗ ರಿಸರ್ವ್ ಬ್ಯಾಂಕು ವರ್ಷಕ್ಕೆ ಒಬ್ಬರಿಗೆ ಎರಡೂವರೆ ಲಕ್ಷ ಡಾಲರ್ ವರೆಗೆ ಕಳುಹಿಸಲು ಅನುಮತಿ ಕೊಟ್ಟಿದೆ. ಅಡ್ಡಿ ಇರುವುದು ನನ್ನ ಪಾಸ್‌ಬುಕ್ಕಿನಿಂದ ಮಾತ್ರ.

ಸೂಟ್‌ಕೇಸಿನ ವಿಷಯಕ್ಕೆ ಬಂದರೆ ತಲೆಗೆ 23 ಕಿಲೋ. ಯುರೋಪಿಗೆ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ಒಯ್ಯುವ ಹಾಗಿಲ್ಲ. ತುಪ್ಪ, ಪೇಡ ಹೊರಗುಳಿದವು. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹಿಡಿಯುತ್ತದೆಂದು ವಿಮಾನದವರೇ ಬಿಡುವುದಿಲ್ಲ. ದುಬೈ ಮಾರ್ಗ ಹಿಡಿದರೆ ಗಸಗಸೆಯನ್ನು ಕನಸಿನಲ್ಲೂ ನೆನೆಯಬೇಡಿ ಎಂದು ಪೊರ್ಬುಗಳು ಎಚ್ಚರಿಸಿದರು; ಅಲ್ಲಿ ಅದು ಮಾದಕ ವಸ್ತುಗಳ ಸಾಲಿನಲ್ಲಿದೆ, ಪಾಯಸ ಜೈಲಿನಲ್ಲಿ ಮುಗಿಯುತ್ತದೆ. ಇಷ್ಟೆಲ್ಲ ಬೇಡಗಳ ನಡುವೆ ನಿಯಮ ಓದುತ್ತ ನಾನು ಕುರ್ಚಿಯಿಂದ ಎದ್ದುಬಿಟ್ಟೆ: ಸ್ವಂತ ಬಳಕೆಗೆ ಮೀನು ಒಯ್ಯಬಹುದು, ಒಣಗಿಸಿದ್ದೂ ಆಗುತ್ತದೆ, ತಲೆಗೆ 20 ಕಿಲೋವರೆಗೆ! ಮಂಗಳೂರಿನವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದ ಕಾನೂನು. ಇಬ್ಬರಿಗೆ ನಲ್ವತ್ತು ಕಿಲೋ ಒಣಮೀನು, ಬಾಕಿ ಆರು ಕಿಲೋದಲ್ಲಿ ಬಟ್ಟೆ ಮತ್ತು ಬಿಪಿ ಮಾತ್ರೆ ಎಂದು ನಾನು ಲೆಕ್ಕ ಹಾಕುವಷ್ಟರಲ್ಲಿ ಸ್ಟುಟ್‌ಗಾರ್ಟಿನಿಂದ ಫೋನು ಬಂತು. ‘‘ಅಪ್ಪ, ಒಣ ನಂಗು ಮೀನು ಹುರಿದರೆ ಬಿಲ್ಡಿಂಗಿನವರು ಪೊಲೀಸರನ್ನೇ ಕರೆಯುತ್ತಾರೆ.’’ ಯುರೋಪಿಯನ್ ಒಕ್ಕೂಟ ಬಿಟ್ಟದ್ದನ್ನು ಮಗಳು ಬಿಡಲಿಲ್ಲ. ಕೊನೆಗೆ ಒಂದು ಡಬ್ಬಿ ಒಣಸಿಗಡಿ ಚಟ್ನಿಗೆ ರಾಜಿಯಾಯಿತು. ಕುಚ್ಚಲಕ್ಕಿಯ ಬದಲು ಅಲ್ಲಿನ ತಮಿಳು ಅಂಗಡಿಯ ಕೇರಳದ ಮಟ್ಟ ಅಕ್ಕಿ.

ಅಲ್ಲಿ ಓಡಾಡುವ ಖರ್ಚು ಬೇಗ ಮುಗಿಯಿತು. ತಿಂಗಳಿಗೆ 63 ಯೂರೋದ ಡಾಯ್ಚ್‌ಲಾಂಡ್ ಟಿಕೆಟ್ ತೆಗೆದರೆ ದೇಶವಿಡೀ ಸಾಮಾನ್ಯ ರೈಲು, ಬಸ್ಸು, ಟ್ರಾಮಿನಲ್ಲಿ ತಿರುಗಬಹುದು. ಬಾಸೆಲಿನಲ್ಲಿ ಜರ್ಮನ್ ರೈಲ್ವೆಯದೇ ಒಂದು ನಿಲ್ದಾಣವಿದೆ, ಅಲ್ಲಿಯವರೆಗೂ ಇದೇ ಟಿಕೆಟ್ ನಡೆಯುತ್ತದೆ. ಅಂದರೆ ನನ್ನ ಬಾಸೆಲ್ ಹೆಚ್ಚುಕಡಿಮೆ ಪುಕ್ಕಟೆ. ಯುಂಗ್‌ಫ್ರೌಯೋಕ್‌ಗೆ ಬೇರೆ ಟಿಕೆಟ್, ಅದರ ದರ ನೋಡಿದ ಮೇಲೆ ಹಿಮವನ್ನು ಕೆಳಗಿನಿಂದಲೇ ನೋಡಿದರೂ ಬೆಳ್ಳಗೇ ಕಾಣುತ್ತದಲ್ಲವೇ ಎಂದು ನಾನು ಕೇಳಿದ್ದುಂಟು.

ಖರ್ಚಿನ ಬದಿ ಇಷ್ಟುದ್ದ ಬೆಳೆದಾಗ ಜಮಾ ಬದಿಯಲ್ಲೂ ಏನಾದರೂ ಇರಬೇಡವೇ? ಪ್ರವಾಸಕಥನ ಬರೆಯಿರಿ ಎಂದರು ಗೆಳೆಯರೊಬ್ಬರು. ಗೊರೂರರ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ನಿಜ. ‘ಜಮಾ: ಅಕಾಡೆಮಿ’ ಎಂದು ಪೆನ್ಸಿಲಿನಲ್ಲಿ ಬರೆದೆ. ಹೆಂಡತಿ ರಬ್ಬರು ತಂದುಕೊಟ್ಟಳು.

ಎಲ್ಲಕ್ಕಿಂತ ದೊಡ್ಡ ಬಾಬ್ತು ಬಾಕಿಯಿದೆ: ತರುವ ಸಾಮಾನು. ಗಲ್ಫಿನವರು ಈ ಊರಿನ ಅಭ್ಯಾಸ ಕೆಡಿಸಿಟ್ಟಿದ್ದಾರೆ. ಟ್ಯಾಂಗ್, ನಿಡೋ, ಕೊಡಲಿ ಮಾರ್ಕಿನ ಎಣ್ಣೆ, ಸೆಂಟು, ಹಗ್ಗ ಬಿಗಿದು ಮಾರ್ಕರಿನಲ್ಲಿ ಹೆಸರು ಬರೆದ ರಟ್ಟಿನ ಪೆಟ್ಟಿಗೆ, ಇವು ಬಂದರೇ ಫಾರಿನ್ನಿಂದ ಬಂದದ್ದು. ದುಡಿದು ಬಂದವನಿಗೂ ಖರ್ಚು ಮಾಡಿ ಬಂದವನಿಗೂ ಊರು ಭೇದ ಮಾಡುವುದಿಲ್ಲ. ಹಾಲಿನವನು, ಬಾವಿಯ ಪಂಪು ನೋಡಿಕೊಳ್ಳುವವನು, ನಾವಿಲ್ಲದಾಗ ತೆಂಗಿನಕಾಯಿ ಕೀಳಿಸುವ ಪೊರ್ಬುಗಳು, ಎರಡು ಬದಿಯ ನೆಂಟರು, ವಾಕಿಂಗ್ ಗೆಳೆಯರು ಎಂದು ಪಟ್ಟಿ ಎರಡು ಪುಟ ದಾಟಿದೆ. ಎಲ್ಲರಿಗೂ ಚಾಕಲೇಟೇ ಎಂದು ನಿಶ್ಚಯಿಸಿದ್ದೇವೆ. ಅದರ ಮೊತ್ತ ವೀಸಾ ಮತ್ತು ವಿಮೆಯನ್ನು ಒಟ್ಟು ಸೇರಿಸಿದರೂ ಹೆಚ್ಚು. ಪಟ್ಟಿ ಈ ತಿಂಗಳ ಕೊನೆಗೆ ಮುಚ್ಚುತ್ತದೆ. ಓದುತ್ತಿರುವವರಲ್ಲಿ ನಮ್ಮ ಪರಿಚಯದವರಿದ್ದರೆ ಬೇಗ ಹೇಳಿ, ಬ್ಯಾಂಕಿನವನಾದ್ದರಿಂದ ಒಂದು ಮಾತು ಮೊದಲೇ ಹೇಳುತ್ತೇನೆ: ಹಣ ಮುಂಗಡ, ಯೂರೋ ದರ ಆ ದಿನದ್ದು.